ಸಾವಂತ್ರವ್ವನ ಹೆಬ್ಬಟ್ಟು

ಮಮದಾಪುರದ ನನ್ನ ದೊಡ್ಡವ್ವ ಸಾವಂತ್ರವ್ವ ಯಾರನ್ನೂ ಬೇಗ ನಂಬುವ ಹೆಂಗಸಲ್ಲ. ಕುರಿ ವ್ಯಾಪಾರಿ ಗೈಬುಸಾಬ ಎಷ್ಟೇ ಆಣೆ ಮಾಡಲಿ, ಕುರಿಯ ಬಾಯಿ ಬಿಡಿಸಿ ಹಲ್ಲು ತಾನೇ ನೋಡಬೇಕು. ಅಂಥವಳು ಗಂಡ ಪರಸಪ್ಪನನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದಳು.

ಮದುವೆಯಾಗಿ ನಲವತ್ತಾರು ವರ್ಷ, ಮಕ್ಕಳಿಲ್ಲ. ಊರು ಅವಳನ್ನು ಬಂಜೆ ಎಂದಿತು. ಯಾರ ಕುಬಸದಲ್ಲೂ ಬಸುರಿಯ ಉಡಿ ತುಂಬಗೊಡಲಿಲ್ಲ. ನನ್ನ ಕುಬಸದ ದಿನ ನಮ್ಮವ್ವ, ಅವಳ ಒಡಹುಟ್ಟಿದ ತಂಗಿ, ಅವಳನ್ನು ಅಡುಗೆಮನೆಯಲ್ಲೇ ಕೂರಿಸಿದ್ದಳು. ನಮ್ಮ ಬಾಯಿಗಿಷ್ಟು ಮಣ್ಣು ಹಾಕಲಿ, ನಾನೂ ಸುಮ್ಮನಿದ್ದೆ.

ಹೋದ ತಿಂಗಳು ಸುದ್ದಿ ಬಂತು: ಎಮರ್ಜೆನ್ಸಿ ಕಾಲದಲ್ಲಿ ಬಲವಂತದಿಂದ ಮಕ್ಕಳಾಗದ ಆಪರೇಷನ್‌ಗೆ ಒಳಗಾದವರಿಗೆ ಸರಕಾರ ಪರಿಹಾರ ಕೊಡುತ್ತದಂತೆ. ಅಂದಿನಿಂದ ದೊಡ್ಡಪ್ಪನ ನಡೆಯೇ ಬದಲಾಯಿತು. ಫೋನ್ ಬಂದರೆ ಹಿತ್ತಲಿಗೆ ಹೋಗುವುದು, ಯಾವುದೋ ಕಾಗದವನ್ನು ಒಳಗಿಸೆಯಲ್ಲಿ ಇಟ್ಟುಕೊಂಡೇ ಮಲಗುವುದು.

“ಇವಾ ಏನೋ ಮುಚ್ಚಿಡಾಕತ್ತಾನ ಬೇ ರೇಣುಕಾ,” ಎಂದಳು ದೊಡ್ಡವ್ವ. “ಹೊಲಾ ತಮ್ಮನ ಹೆಸರಿಗೆ ಬರದಕೊಡತಾನ, ನೋಡ್ತಿರು.”

ದೊಡ್ಡಪ್ಪ ವಿಜಯಪುರಕ್ಕೆ ಹೊರಟ ದಿನ ನಾವಿಬ್ಬರೂ ಅದೇ ಬಸ್ಸು ಹತ್ತಿದೆವು. ನಮ್ಮನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಬೇಡ ಬೇಡವೆಂದರೂ ಕಚೇರಿಯೊಳಗೂ ಬೆನ್ನು ಬಿಡಲಿಲ್ಲ.

ಗುಮಾಸ್ತ ಅವನ ಪರಿಹಾರದ ಅರ್ಜಿ ಓದಿದ. “ಎಪ್ಪತ್ತಾರರಾಗ ಬಬಲೇಶ್ವರ ಸಂತಿಯಿಂದ ಹಿಡಕೊಂಡ ಹೋಗಿ ಆಪರೇಷನ್ ಮಾಡ್ಯಾರ. ಆಗ ಇಪ್ಪತ್ತ ವರ್ಷ, ಮದಿವಿ ಆಗಿದ್ದಿಲ್ಲ. ಹೌದಲ್ರಿ ಯಜಮಾನ್ರ? ಮುಂದನೂ ಮಕ್ಕಳಾಗಿಲ್ಲ ಅಂತ ನಿಮ್ಮ ಮನಿಯವ್ರು ಇಲ್ಲಿ ಹೆಬ್ಬಟ್ಟ ಒತ್ತಬೇಕ್ರಿ.”

ದೊಡ್ಡವ್ವ ಶಾಯಿ ಡಬ್ಬಿ ನೋಡಿದಳು, ಆಮೇಲೆ ಗಂಡನನ್ನು.

“ಮದಿವಿಗಿಂತ ಮೊದಲ ನಿನಗ ಗೊತ್ತಿತ್ತು?”

“ಹೇಳಿದ್ರ ಹೆಣ್ಣ ಯಾರ ಕೊಡತಿದ್ರು?”

“ಆಮ್ಯಾಲ? ಆಮ್ಯಾಲರೆ ಹೇಳಬೇಕಿಲ್ಲ?”

ಅವನು ಶಾಯಿ ಡಬ್ಬಿಯನ್ನು ಅವಳತ್ತ ಸರಿಸಿದ. ಅವನನ್ನೂ ಕುರಿ ಹಿಡಿದಂತೆ ಹಿಡಿದುಕೊಂಡು ಹೋಗಿದ್ದರು, ಅದು ಸುಳ್ಳಲ್ಲ. ಆದರೂ ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂತು.

“ಒತ್ತತೀನಿ,” ಎಂದಳು ದೊಡ್ಡವ್ವ. “ಮೊದಲ ಊರಾಗ ನಾಕ ಮಂದಿ ಮುಂದ ನಿನ್ನ ಬಾಯಿಲೆ ಹೇಳು.”

ತಿರುಗಿ ಬರುವಾಗ ಬಬಲೇಶ್ವರ ದಾಟುವವರೆಗೂ ಅವನು ಕಿಟಕಿಯಾಚೆಗೇ ನೋಡುತ್ತಿದ್ದ. ಕಡೆಗೆ, “ಮಾನ ಹೋಗತೈತಿ. ಆ ಪರಿಹಾರನ ಬ್ಯಾಡ ಬಿಡು,” ಎಂದ.

ದೊಡ್ಡವ್ವ ಕಂಬಿ ಹಿಡಿದು ಎದ್ದು ನಿಂತಳು. ಬಸ್ಸಿನ ತುಂಬ ನಮ್ಮೂರಿನವರೇ.

“ಮಮದಾಪುರದವ್ರ ಎಲ್ಲಾರೂ ಕೇಳ್ರಿ. ನಾ ಬಂಜಿ ಅಲ್ಲ. ಇವಗ ಮದಿವಿಗಿಂತ ಮೊದಲ ಆಪರೇಷನ್ ಆಗೈತಿ. ನಲವತ್ತಾರ ವರ್ಷ ನೀವು ನನಗ ಅನ್ನೂದು ಕೇಳಕೋತ, ಇವಾ ನನ್ನ ಮಗ್ಗಲದಾಗ ಸುಮ್ಮ ಕುಂತಾನ.”