ಪಟ್ಟದ ಗೊಂಬೆ ಪಕ್ಕದ ಫೋಟೋ

ಫೋಟೋದಲ್ಲಿದ್ದ ಆ ಮುದುಕನ ಮುಖ ನನಗೆ ಮೊದಲ ನೋಟಕ್ಕೇ ಹಿಡಿಸಿತ್ತು. ಹಾಗಂತ ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಹಿಡಿಸಿದ್ದು ನಿಜ. ಬಿಳಿ ಮೀಸೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಎದೆಯ ಮೇಲೆ ಗಡಿಯಾರದ ಸರಪಳಿ. ಮೈಸೂರಿನ ನಮ್ಮ ನಡುಮನೆಯಲ್ಲಿ ನೇತುಹಾಕಿದ್ದ ಮುತ್ತಾತನ ಪಟದ ಗತ್ತೇ ಅವನಿಗೂ ಇತ್ತು. ಇಂಥ ಹಿರಿಯರ ಮುಖ ಕಂಡರೆ ನಮ್ಮಂಥವರ ಕೈ ತಾನಾಗಿ ಮುಗಿಯುತ್ತದೆ. ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು.

ಕೋವಿಡ್ ಇಳಿದ ಮೇಲಿನ ಮೊದಲ ದೊಡ್ಡ ದಸರಾ ಅದು. ನಾವಿರುವುದು ಅಟ್ಲಾಂಟಾದ ಉತ್ತರಕ್ಕೆ, ಕಮ್ಮಿಂಗ್‌ನಲ್ಲಿ. ಹೊಸ ಮನೆಗಳು, ಒಳ್ಳೆ ಸ್ಕೂಲು, ಹಾಲು ತರಬೇಕಾದರೂ ಕಾರು. ನಮ್ಮ ಬಡಾವಣೆಯಲ್ಲೇ ಹತ್ತಾರು ಕನ್ನಡದ ಮನೆಗಳಿವೆ. ದಸರಾ ಬಂತೆಂದರೆ ಗೊಂಬೆ ಕೂರಿಸುವ ವಿಷಯದಲ್ಲಿ ನಮ್ಮ ಹೆಂಗಸರ ನಡುವೆ ಮುಸುಕಿನ ಗುದ್ದಾಟ. ವರ್ಷಕ್ಕೊಂದು ಥೀಮು. ಒಬ್ಬಳು ರಾಕೆಟ್ ಹಾರಿಸಿದರೆ ಇನ್ನೊಬ್ಬಳು ಇಡೀ ಜಂಬೂಸವಾರಿಯನ್ನೇ ಲಿವಿಂಗ್ ರೂಮಿನಲ್ಲಿ ನಿಲ್ಲಿಸುತ್ತಾಳೆ. ನನಗೂ ಜಂಬ ಕಡಿಮೆಯೇನಲ್ಲ. ಎರಡು ವರ್ಷ ಯಾರನ್ನೂ ಕರೆಯದೆ ಕೂತ ಸಿಟ್ಟೂ ಸೇರಿ, ಈ ಸಲ ಯಾರೂ ಮಾಡದ್ದನ್ನು ಮಾಡಿ ತೋರಿಸುತ್ತೇನೆ ಎಂದು ಹೊರಟೆ. ಅಮೆರಿಕದ ಮಹನೀಯರು, ಹಳೇ ಫೋಟೋ ಮತ್ತು ಪೇಪರ್ ಕಟಿಂಗುಗಳಲ್ಲಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಾನುಗಟ್ಟಲೆ ನಿಂತವರಿಗೆ ಉಂಡ ಮನೆಗೆ ಒಂದು ನಮಸ್ಕಾರ ಹಾಕೋಣ ಅನ್ನಿಸುವುದು ಸಹಜವೇ.

ಆ ಮಹನೀಯರು ನನಗೆ ಸಿಕ್ಕಿದ್ದು ಒಂದು ಎಸ್ಟೇಟ್ ಸೇಲಿನಲ್ಲಿ. ಮನೆಯ ಹಿರಿಯರು ಸತ್ತ ಮೇಲೆ ಮಕ್ಕಳು ಬಾಗಿಲು ತೆರೆದಿಟ್ಟು ಸಾಮಾನೆಲ್ಲ ಮಾರುವುದು ಇಲ್ಲಿನ ಪದ್ಧತಿ. ನಮ್ಮಲ್ಲಿ ಸೂತಕದ ಮನೆಯಿಂದ ಸೂಜಿಯನ್ನೂ ತರುವುದಿಲ್ಲ. ಇಲ್ಲಿ ಸತ್ತವರ ಮಂಚದ ಮೇಲೆ ಕೂತು ಸ್ಪ್ರಿಂಗು ಪರೀಕ್ಷೆ ಮಾಡುತ್ತಾರೆ. ಪೈನ್ ಮರಗಳ ನಡುವೆ ರಸ್ತೆಯ ಕೊನೆಯಲ್ಲಿದ್ದ ಹಳೆಯ ಮನೆ. ಅಂಗಳದಲ್ಲಿ ಆಗಲೇ ಬಿಲ್ಡರ್ ಕಡೆಯವರು ಗೂಟ ಹೊಡೆದು ಕಿತ್ತಳೆ ಪಟ್ಟಿ ಕಟ್ಟಿದ್ದರು. ನಾನು ಆ ರಸ್ತೆಗೆ ಬಂದದ್ದೇ ಅದು ಮೊದಲು. ಈ ಕಡೆ ತಿರುಗಬೇಡ ಅಂದವರೊಬ್ಬರಿದ್ದರು.

ಅವರು ನಮ್ಮ ಎದುರು ಮನೆಯ ಟೀಚರ್. ಎಪ್ಪತ್ತು ದಾಟಿದ ಕಪ್ಪು ಹೆಂಗಸು. ಸೌತ್ ಕ್ಯಾರೊಲಿನಾದಲ್ಲಿ ಬಹಳ ವರ್ಷ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಮಗನ ಮನೆಗೆ ಬಂದವರು. ಕೋವಿಡ್ಡಿನ ಮೊದಲ ವರ್ಷ, ಡ್ರೈವಿಂಗ್ ಬರದೆ ಮನೆಯಲ್ಲಿ ಕೊಳೆಯುತ್ತಿದ್ದ ನನ್ನನ್ನು ಕಂಡು, "ಬಾ, ನಾನು ಕಲಿಸುತ್ತೇನೆ" ಅಂದರು. ಮುಖಕ್ಕೆ ಮಾಸ್ಕು, ನಾಲ್ಕೂ ಕಿಟಕಿ ಇಳಿಸಿ, ಚರ್ಚಿನ ಖಾಲಿ ಪಾರ್ಕಿಂಗಿನಲ್ಲಿ ನನ್ನ ಪಕ್ಕ ಕೂತು ಮೂರು ತಿಂಗಳು ಕಲಿಸಿದರು. ಒಂದು ಸಲವೂ ಗದರಲಿಲ್ಲ. ಗಂಡನ ಹತ್ತಿರ ಕಲಿತಿದ್ದರೆ ಡೈವೋರ್ಸ್ ಆಗುತ್ತಿತ್ತು. ನಾನು ಅಭ್ಯಾಸಬಲದಿಂದ "ಆಂಟಿ" ಅಂದಾಗ ಮಾತ್ರ ತಡೆದರು. "ಹೆಸರು ಹಿಡಿದು ಕರೆಯಲು ಇಷ್ಟವಿಲ್ಲದ ಬಿಳಿಯರು ನಮ್ಮ ಅಜ್ಜಿಯನ್ನು ಹಾಗೆ ಕರೆಯುತ್ತಿದ್ದರು, ನೀನು ಬೇರೆ ಏನಾದರೂ ಕರೆ" ಅಂದರು. ಅಂದಿನಿಂದ ಟೀಚರ್. ರಸ್ತೆಗಿಳಿದ ಮೇಲೆ ಅವರು ಬೇಡವೆಂದಿದ್ದು ಆ ಒಂದು ತಿರುವನ್ನು. ಯಾಕೆ ಅಂತ ಕೇಳಿದರೆ, "ಅದು ಕಲಿಯುವವರ ರಸ್ತೆಯಲ್ಲ" ಅಂದರು. ಇಳಿಜಾರಿರಬೇಕು ಅಂದುಕೊಂಡೆ. ಊರು ಬಿಟ್ಟು ಬಂದ ನನಗೆ ಇಲ್ಲಿ ಸ್ನೇಹಿತೆ ಅಂತ ಇದ್ದವರು ಅವರೊಬ್ಬರೇ. ಮಿಕ್ಕವರೆಲ್ಲ ವಾಟ್ಸಾಪ್ ಗ್ರೂಪು.

ಅಂಥವರ ಮಾತು ಮೀರಿ ಆ ರಸ್ತೆಗೆ ತಿರುಗಿ, ಆ ಮನೆಯ ಅಟ್ಟದಿಂದ ಇಳಿಸಿಟ್ಟಿದ್ದ ಟೋಪಿ ಡಬ್ಬವೊಂದನ್ನು ಕೊಂಡು ತಂದೆ. ಅದರೊಳಗೆ ಯಾರೋ ಜೀವಮಾನವಿಡೀ ಕತ್ತರಿಸಿಟ್ಟ ಅಮೆರಿಕವಿತ್ತು. ಅಧ್ಯಕ್ಷರು, ಚಂದ್ರನ ಮೇಲೆ ನಡೆದವನು, ಒಬ್ಬಳೇ ವಿಮಾನ ಹಾರಿಸಿದವಳು, ದೀಪ ಕಂಡುಹಿಡಿದವನು. ಎಲ್ಲರ ತಳದಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಈ ಬಿಳಿ ಮೀಸೆಯ ಮುದುಕ. ಜೊತೆಗೆ ಅವನ ಬಗ್ಗೆ ಉದ್ದನೆಯ ಪೇಪರ್ ಕಟಿಂಗು. ಮೇಲಿನ ನಾಲ್ಕು ಸಾಲು ಓದಿದೆ. ಈ ಕೌಂಟಿಯನ್ನು, ನಮ್ಮ ಲೆಕ್ಕದಲ್ಲಿ ಜಿಲ್ಲೆಯನ್ನು, ಕಟ್ಟಿದ ಹಿರಿಯರಲ್ಲೊಬ್ಬ, ದಾನಿ, ದೈವಭಕ್ತ, ತುಂಬಿದ ಮನೆ ಬಿಟ್ಟು ಹೋದ. ನನಗೆ ಅಷ್ಟು ಸಾಕಾಯಿತು.

ನಮ್ಮ ಶಾಸ್ತ್ರದಲ್ಲಿ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳದ್ದು, ರಾಜ ರಾಣಿ. ಮೈಸೂರಿನಲ್ಲಿ ಅಮ್ಮ ಅವುಗಳ ಪಕ್ಕ ಮಹಾರಾಜರ ಫೋಟೋ ಇಡುತ್ತಿದ್ದಳು. ಯಾವ ಊರಿನ ನೀರು ಕುಡಿಯುತ್ತೇವೋ ಆ ಊರಿನ ಒಡೆಯನಿಗೆ ಮೊದಲ ಹೂವು ಅನ್ನುವುದು ಅವಳ ಲೆಕ್ಕ. ನಾನೂ ಅದೇ ಲೆಕ್ಕ ಹಾಕಿದೆ. ಅಧ್ಯಕ್ಷರೆಲ್ಲ ಕೆಳಗಿನ ಮೆಟ್ಟಿಲುಗಳಲ್ಲಿ ಕೂತರು. ನಮ್ಮ ಕೌಂಟಿಯ ಈ ಹಿರಿಯನನ್ನು ಪಟ್ಟದ ಗೊಂಬೆ ಪಕ್ಕಕ್ಕೆ ಏರಿಸಿದೆ. ಫೋಟೋ, ಕಟಿಂಗು ಎರಡನ್ನೂ ಸೇರಿಸಿ ಹಾಕಲು ಫ್ರೇಮು ಚಿಕ್ಕದಿತ್ತು. ಕಟಿಂಗಿನ ಕೆಳಗಿನ ಅರ್ಧವನ್ನು ಹಿಂದಕ್ಕೆ ಮಡಿಸಿದೆ. ಗಾಜಿನ ಮೇಲೆ ಹಣೆಯ ಜಾಗ ನೋಡಿ ಕುಂಕುಮ ಇಟ್ಟೆ, ಸೇವಂತಿಗೆ ಏರಿಸಿದೆ.

"ಅಮ್ಮಾ, ಯಾರು ಇದು? ಫುಲ್ ಓದಿದ್ಯಾ?" ಅಂದಳು ಹನ್ನೆರಡು ವರ್ಷದ ಮಗಳು.

"ಓದಿದೀನಿ ಕಣೆ. ನೀನು ಬಂದು ಆರತಿ ಹಾಡು ಹೇಳು."

ಹೇಳಿದಳು. ಐದು ದಿನ, ದಿನಾ ಸಂಜೆ, ಅವನ ಎದುರು ನಿಂತು.

ಮೂರನೇ ದಿನ ನಮ್ಮ ಬಡಾವಣೆಯ ಸಂಘದ ಬಿಳಿ ಅಂಕಲ್ ಬಂದರು. ಗೊಂಬೆ ನೋಡಲು ಬರುವವರ ಕಾರುಗಳು ರಸ್ತೆಯಲ್ಲಿ ನಿಲ್ಲುತ್ತಿವೆ ಎಂದು ದೂರು ಹೇಳಲು ಬಂದವರು ಗೊಂಬೆ ಕಂಡು ಒಳಗೆ ಬಂದರು. ಬಂದವರೇ ಮೇಲಿನ ಮೆಟ್ಟಿಲು ನೋಡಿ ಕ್ಯಾಪು ತೆಗೆದರು. "ಇವರು ಯಾರಂತ ಗೊತ್ತಾ ನಿನಗೆ?" ಗೊತ್ತು, ಊರು ಕಟ್ಟಿದವರು ಅಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ ನಕ್ಕರು. ಈ ಜಾಗ ಹೇಗಿತ್ತು, ಯಾರು ಹೀಗೆ ಮಾಡಿದರು ಅನ್ನುವುದನ್ನು ಈಗಿನವರು ಮರೆತಿದ್ದಾರೆ, ನಿಮ್ಮಂಥ ಜನ ಬಂದದ್ದು ಒಳ್ಳೆಯದಾಯಿತು ಅಂದರು. ಫೋನಿನಲ್ಲಿ ಫೋಟೋ ಹೊಡೆದುಕೊಂಡರು. ಭಾನುವಾರ ಸ್ನೇಹಿತರನ್ನು ಕರೆತರುತ್ತೇನೆ ಅಂದರು. ಕಾರಿನ ದೂರು ಮರೆತೇ ಹೋಯಿತು. ನಾನು ಉಬ್ಬಿ ಪೂರಿಯಾದೆ. ಆದರೆ ಆ ನಗು ಮಾತ್ರ ಬಾಗಿಲು ಹಾಕಿದ ಮೇಲೂ ಮನೆಯೊಳಗೇ ಇದ್ದ ಹಾಗಿತ್ತು.

ಆರನೇ ದಿನ ಶನಿವಾರ. ಅರಿಶಿನ ಕುಂಕುಮಕ್ಕೆ ಕನ್ನಡದ ನಾಲ್ವರನ್ನೂ ಟೀಚರನ್ನೂ ಕರೆದಿದ್ದೆ. ಟೀಚರ್ ಹಳದಿ ಉಡುಪು ಹಾಕಿಕೊಂಡು, ಕೈಯಲ್ಲಿ ಪೀಚ್ ಪೈ ಹಿಡಿದು ಬಂದರು. ಕಡಲೆಕಾಳು ಉಸ್ಲಿ ತಿಂದರು, ಮತ್ತೆ ಹಾಕಿಸಿಕೊಂಡರು. ಕೆಳಗಿನ ಮೆಟ್ಟಿಲಿನ ಒಬ್ಬೊಬ್ಬರನ್ನೂ ಗುರುತು ಹಿಡಿದು ನನ್ನ ಮಗಳಿಗೆ ಪಾಠ ಹೇಳುತ್ತ ಹೇಳುತ್ತ ಮೇಲೆ ಬಂದರು. ಕೊನೆಯ ಮೆಟ್ಟಿಲಿಗೆ ಬಂದಾಗ ಕನ್ನಡಕ ಹಾಕಿಕೊಂಡರು.

"ಈ ಹೆಸರು ನನಗೆ ಗೊತ್ತು. ಈ ಕಾಗದದ ಮಿಕ್ಕ ಭಾಗ ಎಲ್ಲಿ?"

ಫ್ರೇಮಿಗೆ ಸಾಲಲಿಲ್ಲ, ಮಡಿಸಿದ್ದೇನೆ ಅಂದೆ. ನೋಡಬಹುದಾ ಅಂದರು. ಫ್ರೇಮನ್ನು ಇದ್ದಲ್ಲೇ ಹಿಂದಿನಿಂದ ಬಿಚ್ಚಿ ಕಾಗದವನ್ನಷ್ಟೇ ಕೊಟ್ಟೆ. ಅವರು ನಿಂತೇ ಓದಿದರು, ಆಮೇಲೆ ನನ್ನ ಕೈಗಿಟ್ಟರು. ಮಡಿಸಿದ ಅರ್ಧದಲ್ಲಿ ಇನ್ನೊಂದು ಫೋಟೋ ಇತ್ತು. ಬಾಗಿಲು ಕಿತ್ತುಬಿದ್ದ ಖಾಲಿ ಮನೆಯೊಂದರ ಮುಂದೆ ಟೋಪಿ ಹಾಕಿದ ಹತ್ತು ಹನ್ನೆರಡು ಯುವಕರು, ಕೈಯಲ್ಲಿ ಬಂದೂಕು, ಮುಖದಲ್ಲಿ ಮದುವೆ ಮನೆಯ ನಗು. ನಮ್ಮ ಮುದುಕನದೇ ಮುಖದ, ಕಪ್ಪು ಮೀಸೆಯ ಒಬ್ಬನ ತಲೆಯ ಮೇಲೆ ಯಾರೋ ಹೆಮ್ಮೆಯಿಂದ ಶಾಯಿಯಲ್ಲಿ ಬಾಣದ ಗುರುತು ಹಾಕಿದ್ದರು. ಕೆಳಗೆ ಬರೆದಿತ್ತು: ಕೌಂಟಿಯಲ್ಲಿ ಒಂದೇ ಒಂದು ಕಪ್ಪು ಮನೆ ಉಳಿಯದಂತೆ ಮಾಡಿದವರಲ್ಲಿ ಇವರೂ ಒಬ್ಬರು, ಬಿಟ್ಟುಹೋದ ಹೊಲಗಳನ್ನು ಆಮೇಲೆ ಇವರೇ ಊರ್ಜಿತಕ್ಕೆ ತಂದರು. ದಾನಿ ಅನ್ನುವ ಮಾತು ಬರೆದ ಅದೇ ಧಾಟಿಯಲ್ಲಿ ಇದನ್ನೂ ಬರೆದಿದ್ದರು.

"ನೂರು ವರ್ಷದ ಮೇಲಾಯಿತು" ಅಂದರು ಟೀಚರ್. ದನಿ ಏರಲಿಲ್ಲ. "ನಮ್ಮಜ್ಜಿಗೆ ಆಗ ಆರು ವರ್ಷ. ನಾನು ನಿನಗೆ ತಿರುಗಬೇಡ ಅಂದ ಆ ರಸ್ತೆಯಲ್ಲೇ ಮನೆ. ಗಾಡಿಯಲ್ಲಿ ಹಾಕಿಕೊಂಡು ಕ್ಯಾರೊಲಿನಾಕ್ಕೆ ಓಡಿದರು." ಫ್ರೇಮಿನ ಕಡೆ ಬೆರಳು ಮಾಡಿ ಕೇಳಿದರು, "ಇವನ ಹಣೆ ಮೇಲೆ ಕೆಂಪಗೆ ಏನದು?"

ಹೇಳಬೇಕಾಯಿತು. ದೇವರಿಗೂ, ನಾವು ಗೌರವಿಸುವವರಿಗೂ ಇಡುತ್ತೇವೆ ಅಂದೆ. ಅವರ ಹಣೆಯ ಮೇಲೂ ಅದೇ ಕುಂಕುಮ ಇತ್ತು. ಬಾಗಿಲಲ್ಲಿ ನಾನೇ ಇಟ್ಟಿದ್ದೆ.

ಆಗ ನನ್ನ ಹಿಂದೆ ನಿಂತಿದ್ದ ಒಬ್ಬಾಕೆ ಕನ್ನಡದಲ್ಲಿ ಪಿಸುಗುಟ್ಟಿದಳು. "ರೀ, ಆ ಅಂಕಲ್ ನಾಳೆ ಫ್ರೆಂಡ್ಸ್ ಕರ್ಕೊಂಡು ಬರ್ತಾರೆ ಅಂದ್ರಲ್ಲ. ಈಗ್ಲೇ ತೆಗೆದುಬಿಡ್ಬೇಡಿ. ಅವರವರ ಜಗಳ, ನಮಗ್ಯಾಕೆ? ವೀಸಾ ಮೇಲಿರೋರು ನಾವು."

ಟೀಚರ್ ತೆಗೆ ಅನ್ನಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ನಾನು ಏನು ಮಾಡುತ್ತೇನೆಂದು ಕಾಯುತ್ತಿದ್ದಾರೆ ಅನ್ನುವುದು ಮಗುವಿಗೂ ಗೊತ್ತಾಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಇದು: "ಒಂದು ಸಲ ಕೂರಿಸಿದ ಮೇಲೆ ವಿಜಯದಶಮಿ ತನಕ ಕದಲಿಸಬಾರದು ಅಂತ ನಮ್ಮಲ್ಲಿ ಶಾಸ್ತ್ರ."

ಶಾಸ್ತ್ರ ಅಂದೆ. ಭಯ ಅನ್ನಬೇಕಿತ್ತು. ಆ ಅಂಕಲ್ಲಿನ ನಗುವಿಗೆ, ಸಂಘದಿಂದ ಬರಬಹುದಾದ ದಂಡದ ಪತ್ರಕ್ಕೆ, ನಾಳೆ ಯಾರು ಏನಂದಾರೋ ಅನ್ನುವುದಕ್ಕೆ ಹೆದರಿದ್ದೆ. ಗೊಂಬೆಗಳ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡೆ. ಇವತ್ತಿಗೂ ಆ ವಾಕ್ಯ ನೆನಪಾದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

"ಸರಿ" ಅಂದರು ಟೀಚರ್. ತಾಂಬೂಲದ ಚೀಲವನ್ನು ಎರಡೂ ಕೈಯಿಂದ ತೆಗೆದುಕೊಂಡರು, ಉಸ್ಲಿ ಚೆನ್ನಾಗಿತ್ತು ಅಂದರು, ಹೋದರು. ಮಿಕ್ಕವರು ಇನ್ನರ್ಧ ಗಂಟೆ ಸೀರೆ ಮಾತಾಡಿದರು. ಅವರೂ ಹೋದ ಮೇಲೆ ಮಗಳು ನನ್ನ ಮುಖ ನೋಡದೆ ಸ್ಟೂಲು ತಂದಿಟ್ಟಳು. ಅವನನ್ನು ಇಳಿಸಿದೆ.

ಭಾನುವಾರ ಸಂಘದ ಅಂಕಲ್ ಬಂದೇ ಬಂದರು, ಜೊತೆಗೆ ಇಬ್ಬರು. ಪಟ್ಟದ ಗೊಂಬೆಯ ಪಕ್ಕದ ಖಾಲಿ ಜಾಗ ನೋಡಿದರು. ಎಲ್ಲಿ ಅಂತ ಕೇಳಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಪರದೆ ಸರಿಸಿ, ಎದುರು ಮನೆಯನ್ನು ನಿಧಾನವಾಗಿ ನೋಡಿದರು. "ಓಹೋ" ಅಂದರು ಅಷ್ಟೇ. ಆ ಮೂವರೂ ಹೋಗುವಾಗ ನಮ್ಮ ಡ್ರೈವ್‌ವೇಯಲ್ಲಿ ನಿಂತು ಟೀಚರ್ ಮನೆಯ ಕಡೆಗೇ ಮುಖ ಮಾಡಿ ಮಾತಾಡಿಕೊಂಡರು. ನಾನೇನೋ ಹೂವಿಡಲು ಹೋಗಿ ಹುತ್ತಕ್ಕೆ ಕೈ ಹಾಕಿದ್ದೆ. ಕಚ್ಚಿಸಿಕೊಳ್ಳುವವರು ಮಾತ್ರ ಬೇರೆಯವರು.

ಸಂಜೆ ಎದುರು ಮನೆಗೆ ಹೋದೆ. ಟೀಚರ್ ಬಾಗಿಲಲ್ಲೇ ನಿಂತರು, ಒಳಗೆ ಬಾ ಅನ್ನಲಿಲ್ಲ. ಯಾವತ್ತೂ ಹಾಗೆ ಮಾಡಿದವರಲ್ಲ. ತೆಗೆದಿದ್ದೇನೆ, ಟೀಚರ್, ನಿನ್ನೆಯೇ ತೆಗೆದೆ ಅಂದೆ. ನನಗೆ ಗೊತ್ತಿರಲಿಲ್ಲ ಅಂದು ಅತ್ತುಬಿಟ್ಟೆ.

"ಗೊತ್ತಿರಲಿಲ್ಲ, ಅದು ನಿಜ. ಗೊತ್ತಾದ ಮೇಲೆ?" ಅಂದರು.

ನಾನು ಕಣ್ಣು ಒರೆಸಿಕೊಂಡೆ.

"ನಿನ್ನೆ ನಾನು ಬರದೆ ಇದ್ದಿದ್ದರೆ ಅವನು ಎಷ್ಟು ದಿನ ಇರುತ್ತಿದ್ದ?"

"ಹತ್ತನೇ ದಿನದ ತನಕ" ಅಂದೆ. ಅವರೆದುರು ಇನ್ನೊಂದು ಸುಳ್ಳು ಹೇಳುವ ಧೈರ್ಯವಾಗಲಿಲ್ಲ.

ಅವರು ತಲೆಯಾಡಿಸಿದರು. ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಮ್ಮಜ್ಜಿ ಬಂದೂಕು ಹಿಡಿದವರ ಬಗ್ಗೆ ಜಾಸ್ತಿ ಮಾತಾಡುತ್ತಿರಲಿಲ್ಲ. ಅಜ್ಜಿಯ ಮನೆಯ ಎದುರಿಗೆ ಒಂದು ಸಂಸಾರವಿತ್ತಂತೆ. ಒಳ್ಳೆಯ ಜನ, ದಿನಾ ಬೆಳಿಗ್ಗೆ ಕೈ ಬೀಸುವವರು. ಗಾಡಿ ಹೊರಟ ದಿನವೂ ಎದ್ದು ಬಂದು ಕೈ ಬೀಸಿದರಂತೆ. ಬೀಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಾಯುವ ತನಕ ಅಜ್ಜಿ ಹೇಳಿದ್ದು ಅದೊಂದನ್ನೇ." ಆಮೇಲೆ ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಮಗಳನ್ನು ಕರೆದುಕೊಂಡು ಮೂಲೆಯಲ್ಲಿ ನಿಂತಿದ್ದೆ. ಟೀಚರ್ ಕಾರು ಹಿಂದಕ್ಕೆ ಬಂದು, ತಿರುಗಿ, ನಮ್ಮ ಮುಂದೆಯೇ ಹಾದು ಹೊರಟಿತು. ಯೋಚಿಸುವ ಮೊದಲೇ ನನ್ನ ಕೈ ಎದ್ದಿತು. ಎದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅರ್ಧಕ್ಕೆ ಇಳಿಸಿದೆ. ಕೈ ಎದ್ದದ್ದನ್ನೂ ಇಳಿದದ್ದನ್ನೂ ಅವರು ನೋಡಿದರು, ಮುಂದೆ ಹೋದರು.