ಹುಳದ ಮನೆಯ ಬಾಗಿಲಲ್ಲಿ ದಿಲ್ಷಾದ್ ಬೇಗಂ

ಬೆಳಗಿನ ಆರು ಗಂಟೆ. ಸಾದಲಿ ಹೋಬಳಿಯ ಪುಟ್ಟ ಊರೊಂದರಲ್ಲಿ, ಕೋನಪ್ಪನವರ ಹುಳದ ಮನೆಯ ಹೊಸ್ತಿಲಾಚೆ ಆಶಾ ಕಾರ್ಯಕರ್ತೆ ದಿಲ್ಷಾದ್ ಬೇಗಂ ನಿಂತಿದ್ದಾರೆ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಕಳೆದು ಎದ್ದ ರೇಷ್ಮೆ ಹುಳಗಳು ಸೊಪ್ಪು ಮೇಯುವ ಸದ್ದು ಬಾಗಿಲವರೆಗೂ ಬರುತ್ತಿದೆ. ಅದರ ಜೊತೆಗೆ ಇನ್ನೊಂದು ಸದ್ದು, ಸೊಪ್ಪು ಹಾಕುತ್ತಿರುವ ಕೋನಪ್ಪನವರ ಹೆಂಡತಿ ಅಮ್ಮಾಜಮ್ಮನ ಉಬ್ಬಸದ ಎದೆಯ ಸಿಳ್ಳೆ.

"ಪಂಪು ತಗೊಂಡ್ಯೇನಮ್ಮ?"

"ಹುಳ ಗೂಡು ಕಟ್ಲಿ ಕಣಮ್ಮ, ಆಮೇಲೆ ತಗೋತೀನಿ."

"ಎಲ್ಲಿಟ್ಟಿದೀಯ ಅದನ್ನ?"

"ಅಟ್ಟದ ಮೇಲೆ, ಡಬ್ಬಿಲಿ. ಮುಚ್ಚಳ ಬಿಗಿಯಾಗೇ ಹಾಕಿದೀನಿ."

ದಿಲ್ಷಾದ್ ಹಣೆ ಚಚ್ಚಿಕೊಳ್ಳುತ್ತಾರೆ. ಈ ವರ್ಷ ಇದೇ ಬಾಗಿಲಲ್ಲಿ ಇದೇ ಮಾತು ಆಗುತ್ತಿರುವುದು ನಾಲ್ಕನೇ ಸಲ.

ಹುಳ ಸಾಕುವವರು ವಾಸನೆಗೆ ಹೆದರುತ್ತಾರೆ. ಬೀಡಿ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದನ್ನೂ ಹುಳದ ಮನೆಯ ಹತ್ತಿರ ಸುಳಿಯಗೊಡುವುದಿಲ್ಲ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬಂದು ಹುಳದ ಬೆಳೆಯೇ ಹೋದದ್ದನ್ನು ಕಣ್ಣಾರೆ ಕಂಡವರು ಅವರು. ಆ ಹೆದರಿಕೆಯನ್ನು ದಿಲ್ಷಾದ್ ಅಲ್ಲಗಳೆಯುವುದಿಲ್ಲ. ಆದರೆ ಉಬ್ಬಸಕ್ಕೆ ಎಳೆದುಕೊಳ್ಳುವ ಪಂಪನ್ನೂ, ಅಂದರೆ ಇನ್ಹೇಲರನ್ನೂ, ಅದೇ ಸಾಲಿಗೆ ಸೇರಿಸಿ ಬೆಳೆಯ ಇಪ್ಪತ್ತೈದು ದಿನ ಅಟ್ಟಕ್ಕೆ ಕಳಿಸುತ್ತಾರಲ್ಲ, ಅದನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಹುಳಕ್ಕೆ ರೋಗ ತಗುಲದಂತೆ ಹಾಕುವ ಬ್ಲೀಚಿಂಗ್ ಪುಡಿಯ ಘಾಟು, ಸುಣ್ಣದ ಧೂಳು, ಎದೆ ಹಿಡಿಯುವುದೆಲ್ಲ ಇರುವುದು ಆ ದಿನಗಳಲ್ಲೇ.

ಹಿಂದಿನ ಬೆಳೆಯಲ್ಲಿ ಹಾಗೇ ಆಯಿತು. ಸುಣ್ಣ ಉದುರಿಸಿ ಹೊರಬಂದ ಅಮ್ಮಾಜಮ್ಮನ ತುಟಿ ನೀಲಿಗಟ್ಟಿತ್ತು. ಆಟೋದಲ್ಲಿ ಶಿಡ್ಲಘಟ್ಟಕ್ಕೆ ಒಯ್ದರೆ, ಹೆಸರು ಹೇಳುವಷ್ಟೂ ಉಸಿರಿಲ್ಲ. "ಇನ್ನೊಂದು ಸಲ ಹೀಗಾದ್ರೆ ಆಟೋ ಇಲ್ಲಿಗೆ ಬರೋ ತನಕ ಜೀವ ನಿಲ್ಲೋದು ಕಷ್ಟ" ಎಂದು ಡಾಕ್ಟರು ಮುಖಕ್ಕೆ ಹೇಳಿದರು. ಆ ಮಾತನ್ನು ಮನಸ್ಸಿಗೆ ಹಾಕಿಕೊಂಡು ಊರಿಗೆ ಬಂದವರು ದಿಲ್ಷಾದ್ ಒಬ್ಬರೇ ಇರಬೇಕು.

ನಲವತ್ತಾರು ವರ್ಷದ ದಿಲ್ಷಾದ್ ಶಿಡ್ಲಘಟ್ಟದವರು. ತಾಯಿ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. "ಅಮ್ಮಿ ಮಲಗಿದ್ದು ನಾನು ನೋಡಿಲ್ಲ. ದಮ್ಮು ಬಂದು ಗೋಡೆಗೆ ಒರಗೇ ಕೂತಿರೋರು. ಪಂಪು ಹಿಡಿದ್ರೆ ಬಿಡಕ್ಕಾಗಲ್ಲ ಅಂತ ಯಾರೋ ಹೇಳಿದ್ರು, ಹಿಡೀಲೇ ಇಲ್ಲ." ಮದುವೆಯಾಗಿ ಈ ಊರಿಗೆ ಬಂದು, ಆಶಾ ಕೆಲಸ ಹಿಡಿದು ಹದಿನಾಲ್ಕು ವರ್ಷ.

ದಿನಕ್ಕೆ ಇಪ್ಪತ್ತು ಮನೆ ಸುತ್ತುತ್ತಾರೆ. ಬಸುರಿ, ಬಾಣಂತಿ, ಬಿ.ಪಿ., ಸಕ್ಕರೆ, ಎಲ್ಲದರ ನಡುವೆ ಉಬ್ಬಸದವರು ಮೂವತ್ತೊಂದು ಜನ. ಪಂಪು ಇರುವುದು ಹತ್ತೊಂಬತ್ತು ಮಂದಿಯ ಹತ್ತಿರ. ಸರಿಯಾಗಿ ಎಳೆದುಕೊಳ್ಳುವವರು ಆರು. "ಒಬ್ರು ಪಂಪಿಗೆ ಹಾಕಿ ಎಳೆಯೋ ಕ್ಯಾಪ್ಸೂಲ್‌ನ ನೀರಲ್ಲಿ ನುಂಗ್ತಾರೆ. ಇನ್ನೊಬ್ರು ಬಾಯಿಗೆ ಹೊಡ್ಕೊಂಡು ಆಗಲೇ ಉಫ್ ಅಂತ ಊದ್ಬಿಡ್ತಾರೆ, ಬೀಡಿ ಸೇದ್ದಂಗೆ! ಎರಡು ಪಂಪು ಇರ್ತವೆ, ನೀಲಿದು ದಮ್ಮು ಬಂದಾಗ, ಇನ್ನೊಂದು ದಮ್ಮು ಬರದೇ ಇರಕ್ಕೆ, ದಿನಾ. ಇಷ್ಟೇ ಇರೋದು. ಮರ್ತು ಹೋಗ್ದಿರ್ಲಿ ಅಂತ ದಿನದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕೊಡ್ತೀನಿ. ರಬ್ಬರ್ ಬ್ಯಾಂಡ್ ತೆಗೆದು ಜಡೆಗೆ ಹಾಕ್ಕೋತಾರೆ."

ಇವತ್ತು ಅವರು ಬಾಗಿಲಿನಿಂದ ಕದಲುವುದಿಲ್ಲ. "ಕೋನಪ್ಪಣ್ಣ, ಹತ್ತು ಹುಳ ಕೊಡು."

"ಏಮಮ್ಮಾ, ಹುಳ ತಗೊಂಡು ಸಾರು ಮಾಡ್ತೀಯಾ?"

"ಕೊಡಣ್ಣ ಸುಮ್ನೆ. ಪಂಪಿನ ಗಾಳಿಗೆ ಸಾಯ್ತವಾ ನೋಡೇಬಿಡಣ."

ಅವರ ವಾಸದ ಮನೆಯ ನಡುಮನೆಯಲ್ಲಿ ಒಂದು ಮೊರ, ಅದರಲ್ಲಿ ಸೊಪ್ಪು, ಸೊಪ್ಪಿನ ಮೇಲೆ ಹತ್ತು ಹುಳ. ದಿಲ್ಷಾದ್ ತಾವೇ ಅಟ್ಟ ಹತ್ತಿ ಡಬ್ಬಿ ಇಳಿಸುತ್ತಾರೆ. ಅಮ್ಮಾಜಮ್ಮ ಮೊರದ ಮುಂದೆ ಕೂತು ದಿನದ ಪಂಪನ್ನು ಅಲುಗಾಡಿಸಿ, ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿದು, ಹುಳಗಳ ಮೇಲೇ ಬಿಡುತ್ತಾರೆ. ಇನ್ನೊಮ್ಮೆ. ಆಮೇಲೆ ಬಾಯಿ ಮುಕ್ಕಳಿಸುತ್ತಾರೆ. ಕೋನಪ್ಪ ಮೊರದ ಪಕ್ಕ ಕುಕ್ಕರುಗಾಲಲ್ಲಿ ಕೂತವರು ಮಧ್ಯಾಹ್ನದ ಮುದ್ದೆಗೂ ಏಳುವುದಿಲ್ಲ.

ಮಾರನೇ ಬೆಳಿಗ್ಗೆ ದಿಲ್ಷಾದ್ ಬಂದಾಗ ಮೊರದಲ್ಲಿ ಎಲೆಯ ನರ ಮಾತ್ರ ಉಳಿದಿದೆ. ಹತ್ತೂ ಹುಳ ತಲೆಯೆತ್ತಿ ಸೊಪ್ಪಿಗೆ ಕಾಯುತ್ತಿವೆ. ಕೋನಪ್ಪ ಎರಡು ಸಲ ಎಣಿಸಿ, ಗಡ್ಡ ಕೆರೆದುಕೊಂಡು ಹೇಳುತ್ತಾರೆ, "ಇನ್ನೂ ಎರಡು ದಿನ ನೋಡಣ."

ದಿಲ್ಷಾದ್ ಅವರ ತಾಳ್ಮೆ ಅಲ್ಲಿಗೆ ಮುಗಿಯುತ್ತದೆ. "ಹತ್ತು ಹುಳದ ಮುಂದೆ ಊಟ ಬಿಟ್ಟು ಕೂತೆಯಲ್ಲಣ್ಣ, ಇವಳು ಉಸಿರು ಸಿಗದೆ ಒದ್ದಾಡುವಾಗ ಒಂದು ಗಂಟೆ ಹಿಂಗೆ ಕೂತಿದ್ಯಾ?"

ಅಮ್ಮಾಜಮ್ಮನೇ ಎದ್ದು ಪಂಪು ತೆಗೆದುಕೊಂಡು, ಬಚ್ಚಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡುತ್ತಾರೆ. "ಎರಡೊತ್ತು ತಗೋತೀನಿ. ಸುಣ್ಣ ಇನ್ಮೇಲೆ ನೀನೇ ಹಾಕು" ಎಂದು ಗಂಡನಿಗೆ ಹೇಳಿ ಸೊಪ್ಪಿನ ಮಂಕರಿ ಎತ್ತಿಕೊಳ್ಳುತ್ತಾರೆ. ಕೋನಪ್ಪ ಹೂಂ ಎನ್ನುತ್ತಾರೆ, ಹುಳಗಳ ಕಡೆ ನೋಡುತ್ತಲೇ.

ಇಷ್ಟಕ್ಕೆ ಗೆದ್ದೆ ಅಂದುಕೊಳ್ಳುವ ಹೆಂಗಸಲ್ಲ ದಿಲ್ಷಾದ್. ನಾಳೆಯೂ ಬಂದು ಬಚ್ಚಲು ನೋಡಿಯೇ ಹೋಗುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ, ಚಪ್ಪಲಿ ಮೆಟ್ಟುತ್ತಾ ಒಂದು ಗಳಿಗೆ ಯೋಚಿಸುತ್ತಾರೆ.

"ಈ ಊರಲ್ಲಿ ಪಂಪು ಹಳೇದಾಗಿ ಡೇಟ್ ಮುಗಿಯುತ್ತೆ, ಒಳಗಿರೋ ಔಷಧಿ ಮುಗಿಯಲ್ಲ. ಒಬ್ರಾದ್ರೂ ತಾವಾಗೇ ನಮ್ಮನೆ ಬಾಗಿಲು ತಟ್ಟಿ, 'ದಿಲ್ಷಾದಮ್ಮ, ಪಂಪು ಖಾಲಿಯಾಯ್ತು, ಇನ್ನೊಂದು ಕೊಡಿಸು' ಅನ್ಬೇಕು. ಅವತ್ತು ನಾನೇ ಅವರಿಗೆ ಟೀ ಕಾಯಿಸಿ ಕೊಡ್ತೀನಿ."