ಕ್ಯಾಮೆರಾಕ್ಕೆ ಹಾಕಿದ ಎರಡು ತೊಟ್ಟು ಎಣ್ಣೆ

ಅಂಗಡಿಯ ಕ್ಯಾಮೆರಾ ಕೆಡಿಸಿದವಳು ನಾನೇ. ಐವತ್ತೆಂಟನೇ ಇಸವಿಯ ಸುಮಾರಿನ ಮಾತು. ಈಗ ಬೈಯುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಎರಡನೇ ಕ್ಲಾಸು; ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಶಿಕಾರಿಪುರದಲ್ಲಿ ನಮ್ಮ ಯಜಮಾನರದು ಫೋಟೋ ಅಂಗಡಿ. ಆಯುಧಪೂಜೆಯ ದಿನ ಮನೆಯಲ್ಲಿ ಕೊಯ್ಯುವುದು, ತಿರುಗುವುದು ಎಲ್ಲಕ್ಕೂ ಎಣ್ಣೆ ಹಾಕುವುದು ನನ್ನ ಕೆಲಸ. ಈಳಿಗೆಮಣೆ, ಕುಡುಗೋಲು, ಬಾವಿಯ ರಾಟೆ ಆಯಿತು. ಕ್ಯಾಮೆರಾ ಒಂದು ಏನು ಪಾಪ ಮಾಡಿತ್ತು? ಅದರ ಗಾಜಿನ ಮೂತಿಯ ಸೀಳಿನಲ್ಲಿ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಕುಂಕುಮ ಇಟ್ಟೆ.

ಅಲ್ಲಿಂದ ಮುಂದೆ ನಮ್ಮ ಅಂಗಡಿಗೆ ಬಂದವರೆಲ್ಲ ಬೆಳ್ಳಗಾದರು. ಹೊಲದಲ್ಲಿ ಬೆಂದವರೂ ಪಟದಲ್ಲಿ ಸುಣ್ಣ ಬಳಿದ ಗೋಡೆ. ಜನಕ್ಕೆ ಬಲು ಖುಷಿ. ಆನವಟ್ಟಿಯಿಂದಲೂ ಬಸ್ಸು ಹತ್ತಿ ಬಂದರು. ಯಜಮಾನರು ಫಿಲ್ಮಿನ ದೋಷ ಎಂದುಕೊಂಡರು, ನಾನು ದೇವಿಯ ಕೃಪೆ ಎಂದುಕೊಂಡೆ.

ಸೊರಬದ ಗಿರಿಜೆ ಎಂಬ ಹುಡುಗಿ ಮಾತ್ರ ಪಟ ವಾಪಸು ತಂದಳು. ಗಂಡಿನ ಮನೆಗೆ ಕಳಿಸಲು ತೆಗೆಸಿದ್ದು. ಹುಡುಗಿ ಕಪ್ಪು, ಪಟ ಅಕ್ಕಿಹಿಟ್ಟು. ಚೆನ್ನಾಗೇ ಇದೆಯಲ್ಲ, ಸುಮ್ಮನೆ ನಡಿ ಎಂದು ಅವಳ ಅಪ್ಪ ಹಿಂದೆ ನಿಂತು ಗೊಣಗುತ್ತಿದ್ದರು. ಅವಳು ನನ್ನ ಹತ್ತಿರ ಬಂದಳು.

“ಅಪ್ಪಯ್ಯ ಬಾಯಲ್ಲೇ ನನ್ನ ಬೆಳ್ಳಗೆ ಮಾಡಿ ಇಬ್ರು ಗಂಡುಗಳನ್ನ ಕರೆಸಿದ್ದ ಅಕ್ಕಾ. ಉಪ್ಪಿಟ್ಟು ತಿಂದು ಎದ್ದು ಹೋದ್ರು. ಈ ಸಲ ಗೊತ್ತಿದ್ದೇ ಬರೋರು ಬರ್ಲಿ.”

ಯಜಮಾನರಿಗೆ ಆಗ ಸಂಶಯ ಬಂತು. ಮೂತಿಯೊಳಗೆ ಬೆಳಕು ಬಿಟ್ಟು ತಡೆಯುವ ಶಟರ್ ಸಮಯಕ್ಕೆ ಮುಚ್ಚುತ್ತದೋ ಇಲ್ಲವೋ ನೋಡಲು ಅವರದೊಂದು ಉಪಾಯವಿತ್ತು. ಗ್ರಾಮಫೋನ್ ತಟ್ಟೆಯ ಅಂಚಿಗೆ ಸುಣ್ಣದ ಚುಕ್ಕೆ ಇಟ್ಟು, ತಿರುಗಲು ಬಿಟ್ಟು, ಅದರ ಪಟ ತೆಗೆಯುವುದು. ಪಟದಲ್ಲಿ ಚುಕ್ಕೆ ಭತ್ತದ ಕಾಳಿನಷ್ಟು ಎಳೆದಿದ್ದರೆ ಸರಿ. ತೊಳೆದು ನೋಡಿದರೆ ಬೆರಳಿನ ಗೆಣ್ಣಿನಷ್ಟಿತ್ತು. ಅಂದರೆ ಶಟರ್ ಮುಚ್ಚಲು ಸೋಮಾರಿಯಾಗಿದೆ, ಹೆಚ್ಚು ಬೆಳಕು ನುಗ್ಗಿ ಮುಖವೆಲ್ಲ ಬಿಳಿ. ಮೂತಿ ಬಿಚ್ಚಿದರು. ಒಳಗಿನ ತೆಳು ತಗಡುಗಳು ಒಂದಕ್ಕೊಂದು ಅಂಟಿದ್ದವು. ಮೂಸಿದರು. ಆಮೇಲೆ ನನ್ನ ತಲೆಗೂದಲು ನೋಡಿದರು.

“ಹಬ್ಬಕ್ಕ ಎಣ್ಣಿ ಹಾಕಿದ್ಯೇನ?”

“ಹೂಂ.”

“ಮುಂದಿನ ಸಲ ಹೂವ ಇಡು, ಸಾಕು.”

ಅಷ್ಟೇ. ಅನ್ನ ಕೊಡುವ ಯಂತ್ರ ಕೆಡಿಸಿದವಳಿಗೆ ಅಷ್ಟರಲ್ಲೇ ಬಿಟ್ಟ ಗಂಡಸು. ತಗಡುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಚುಕ್ಕೆ ಮತ್ತೆ ಭತ್ತಕ್ಕೆ ಇಳಿಯುವ ತನಕ ಪಟದ ಮೇಲೆ ಪಟ ತೆಗೆದರು. ಗ್ರಾಮಫೋನಿಗೆ ಕೀ ಕೊಡುತ್ತ ನಾನೂ ಕಲಿತೆ. ಅವರು ಹೋದ ಮೇಲೆ ಅಂಗಡಿ ನಡೆಸಿ ಉಂಡದ್ದು ಅದೇ ವಿದ್ಯೆಯಲ್ಲಿ. ಗಿರಿಜೆ ಆ ಪಟ ಹಿಡಿದು ಬರದಿದ್ದರೆ ನನಗೆ ಅದು ಬರುತ್ತಿರಲಿಲ್ಲ. ಅವಳ ಉಪಕಾರ ದೊಡ್ಡದು.

ಎರಡನೇ ಪಟದಲ್ಲಿ ಅವಳು ಇದ್ದ ಬಣ್ಣದಲ್ಲೇ ಬಂದಳು. ಅಪ್ಪ ಮುಖ ಸಿಂಡರಿಸಿಕೊಂಡೇ ಅಂಚೆಗೆ ಹಾಕಿದರು. ಹದಿನೈದು ದಿನ ಉತ್ತರವಿಲ್ಲ. ನನಗೂ ಊಟ ರುಚಿಸಲಿಲ್ಲ. ಕೊನೆಗೆ ಗಂಡಿನವರು ಬಂದರು, ನೋಡಿದರು, ಒಪ್ಪಿದರು.

ಮದುವೆಗೆ ಹೋದೆ. ಹಸೆಯ ಮೇಲೆ ಗಂಡಿನ ಪಕ್ಕದಲ್ಲಿ ಇವಳೇ ಬೆಳ್ಳಗೆ ಕಾಣುತ್ತಿದ್ದಳು. ಅಕ್ಷತೆ ಹಾಕಲು ಬಗ್ಗಿದಾಗ ಗಿರಿಜೆ ನನ್ನ ಕಿವಿಯಲ್ಲಿ ಹೇಳಿದಳು:

“ಗಂಡಿನ ಪಟ ಯಾರೂ ಕೇಳಲ್ಲ ನೋಡಕ್ಕಾ. ಪಾಪ, ಇವ್ರೂ ಅವತ್ತು ಹೆಣ್ಣು ನೋಡೋಕೆ ಹೆದ್ರಿಕೊಂಡೇ ಬಂದಿದ್ರಂತೆ.”